ಕಾಪಾ ಚಿಕ್ಕಮ್ಮನ ಡ್ರಮ್ಮು ಎಲ್ಲಿಯವರೆಗೆ ಕೇಳಿಸುತ್ತದೆ?

ಬೆಳಗಾಯಿತೋ ಇಲ್ಲವೋ ಎಂದು ತಿಳಿಯಲು ಕಿವುಡ ಕೊಲ್ಲಿಯಲ್ಲಿ ಯಾರೂ ಆಕಾಶ ನೋಡುವುದಿಲ್ಲ. ಆಗಸ್ಟ್ ಮುಗಿಯುತ್ತ ಬಂದರೂ ಸೂರ್ಯ ಇನ್ನೂ ಮುಳುಗುವ ಮನಸ್ಸು ಮಾಡಿಲ್ಲ. ಹೊರಡುತ್ತೇನೆ ಹೊರಡುತ್ತೇನೆ ಎನ್ನುತ್ತಾ ಹೊಸಿಲಲ್ಲೇ ನಿಂತ ನೆಂಟನ ಹಾಗೆ ದಿಗಂತದ ಅಂಚಿನಲ್ಲೇ ಸುತ್ತುತ್ತಿದ್ದಾನೆ. ನಾವು ನೋಡುವುದು ಅಡುಗೆಮನೆಯ ಹೊಗೆಕೊಳವೆಯನ್ನು. ಅದರಿಂದ ಹೊಗೆ ಎದ್ದರೆ ಬೆಳಗಾಯಿತು ಅಂತ. ಹೊಗೆ ಎಬ್ಬಿಸುವವರು ಕಾಪಿತೋಲಿನಾ ಯೆಗೋರೊವ್ನಾ ಆಂತುಫೀವಾ, ಈ ಹವಾಮಾನ ಕೇಂದ್ರದ ಒಲೆಗಳನ್ನು ನೋಡಿಕೊಳ್ಳುವವರು. ಇಷ್ಟುದ್ದ ಹೆಸರು ಈ ಚಳಿಯಲ್ಲಿ ಯಾರು ಹೇಳುತ್ತಾರೆ? ಎಲ್ಲರಿಗೂ ಅವರು ಕಾಪಾ ಚಿಕ್ಕಮ್ಮ.

"ಒಲೆ ಹತ್ತಿದ್ರೆ ಬೆಳಗು, ಆರಿದ್ರೆ ರಾತ್ರಿ," ಎನ್ನುತ್ತಾ ಅವರು ಕೊಡಲಿ ಎತ್ತುತ್ತಾರೆ. "ಸೂರ್ಯನ್ನ ನಂಬ್ಕೊಂಡ್ ಕೂತ್ರೆ ಬೇಸಿಗೆಗೆಲ್ಲಾ ಒಂದೇ ತಿಂಡಿ, ಚಳಿಗಾಲಕ್ಕೆಲ್ಲಾ ಒಂದೇ ಊಟ. ನೀನ್ ಬದುಕ್ತೀಯೇನೋ ವೆನ್ಯಾ?" ಎಂದು ನನ್ನನ್ನು ಕೇಳುತ್ತಾರೆ.

ಅವರು ಸೀಳುತ್ತಿರುವುದು ಸೈಬೀರಿಯದ ಲಾರ್ಚ್ ಮರದ ದಿಮ್ಮಿ. ಫ್ರಾಂಜ್ ಜೋಸೆಫ್ ದ್ವೀಪಗಳಲ್ಲಿ ಮರ ಎಂಬುದೇ ಇಲ್ಲ; ಬೆರಳುದ್ದದ ಗಸಗಸೆ ಹೂವೇ ಇಲ್ಲಿನ ದೊಡ್ಡ ಗಿಡ. ಆದರೂ ಒಲೆಗೆ ಸೌದೆ ತಪ್ಪಿಲ್ಲ. ಯಾವುದೋ ನದಿಯಲ್ಲಿ ಕಟ್ಟು ಬಿಚ್ಚಿಕೊಂಡ ದಿಮ್ಮಿಗಳು ಹಿಮದ ಜೊತೆ ವರ್ಷಗಟ್ಟಲೆ ತೇಲಿ ನಮ್ಮ ದಂಡೆಗೆ ಬಂದು ಬೀಳುತ್ತವೆ. "ಬೇರೆಯೋರು ಕಾಡಿಗೆ ಹೋಗ್ತಾರೆ. ನನ್ ಹತ್ರ ಕಾಡೇ ನಡ್ಕೊಂಡ್ ಬರುತ್ತೆ," ಎಂದು ಚಿಕ್ಕಮ್ಮ ಜಂಬ ಪಡುತ್ತಾರೆ. ಅರವತ್ತೇಳರ ಹೆಂಗಸು. ನನ್ನ ಎದೆಯವರೆಗೆ ಬರುತ್ತಾರೆ. ಬಲಭುಜ ನೋಯುತ್ತದೆ ಎಂದು ಎಡಗೈಯಲ್ಲಿ ಕೊಡಲಿ ಹಿಡಿಯುವುದನ್ನು ಈಚೆಗೆ ಕಲಿತಿದ್ದಾರೆ.

ಅರ್ಧ ಸೀಳಿದ ದಿಮ್ಮಿಯಲ್ಲೇ ಕೊಡಲಿ ಬಿಟ್ಟು ಅವರು ತಲೆ ಎತ್ತುತ್ತಾರೆ. ಮೂಗು ಅರಳುತ್ತದೆ. "ಬರ್ತಾ ಇದೆ ಕಣೋ." ನನ್ನ ಮೂಗಿಗೆ ಬರುವುದು ಹೊಗೆಯ ವಾಸನೆ ಒಂದೇ. ನಾನು ಕೈಯಲ್ಲಿನ ಚಹಾ ಮುಗಿಸುವಷ್ಟರಲ್ಲಿ ಕೊಲ್ಲಿಯ ಬಾಯಿ ಕಾಣುವುದಿಲ್ಲ. ಆಮೇಲೆ ದೋಣಿ ಕಟ್ಟುವ ಗೂಟ ಕಾಣುವುದಿಲ್ಲ. ಮಂಜು ಬಂದು ಬಾಗಿಲಿಗೆ ಒರಗಿಕೊಳ್ಳುತ್ತದೆ. ಬೆಳಿಗ್ಗೆಯೇ ವಾಲ್ರಸ್‌ಗಳನ್ನು ನೋಡಲು ಹೋದ ದೋಣಿ ಇನ್ನೂ ಹೊರಗಿದೆ.

ಚಿಕ್ಕಮ್ಮ ಓಡುವುದಿಲ್ಲ. ಒಲೆಯ ಗಾಳಿಬಾಗಿಲು ಅರ್ಧ ಮುಚ್ಚಿ, ಬ್ರೆಡ್ಡಿನ ಹಿಟ್ಟಿಗೆ ಬಟ್ಟೆ ಹೊದಿಸಿ, ಶಾಲನ್ನು ಕಿವಿಗೆ ಬಿಗಿದು ದಂಡೆಗೆ ಇಳಿಯುತ್ತಾರೆ. ಅಲ್ಲಿ ಮೂರು ಕಲ್ಲುಗಳ ಮೇಲೆ ಒಂದು ಖಾಲಿ ಡೀಸೆಲ್ ಡ್ರಮ್ಮು ಮಲಗಿದೆ. ಪಕ್ಕದಲ್ಲಿ ಒಂದು ಕಬ್ಬಿಣದ ಸಲಾಕೆ, ಹಿಡಿಗೆ ಹಳೆಯ ಉಣ್ಣೆ ಬೂಟಿನ ತುಂಡು ಸುತ್ತಿದೆ. ಸಲಾಕೆ ಎತ್ತಿ ಬಾಯಲ್ಲಿ ಏನೋ ಮಣಮಣ ಎನ್ನುತ್ತಾ ಬಡಿಯುತ್ತಾರೆ. ಧಂ. ಸ್ವಲ್ಪ ತಡೆದು ಧಂ. ಧಂ. ಬಹಳ ಹೊತ್ತು ತಡೆದು ಮತ್ತೆ ಧಂ.

ಆ ಮಣಮಣ ಏನೆಂದು ಹೊಸಬರು ಕೇಳುತ್ತಾರೆ. ಮಂತ್ರವೇ, ಪ್ರಾರ್ಥನೆಯೇ? ಎರಡೂ ಅಲ್ಲ. ಅದು ಬೋಳುತಲೆಯವರ ಹೆಸರು.

ಬಿಳಿ ಸಮುದ್ರದ ಚಳಿಗಾಲದ ದಂಡೆ ಎಂಬ ಕಡೆ ಚಿಕ್ಕಮ್ಮನ ಊರು. ಅಲ್ಲಿಯ ಗಂಡಸರು ಮೀನಿಗೆ ಹೋದರೆ ಹೆಂಗಸರು ದಂಡೆಗೆ ಬಂದು ಗಾಳಿ ಕರೆಯುತ್ತಿದ್ದರು. ಗಾಳಿಗೆ ಬೋಳುತಲೆ ಎಂದರೆ ಆಸೆಯಂತೆ, ಆಡಿಸಲು ಕೂದಲಿಲ್ಲದೆ ಸಿಟ್ಟಾಗಿ ಎದ್ದು ಬರುತ್ತದಂತೆ. ಅದಕ್ಕೇ ಊರಿನ ಬೋಳರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಗಾಳಿ ಎದ್ದರೆ ಮಂಜು ಹರಿಯುತ್ತದೆ, ದೋಣಿ ಬರುತ್ತದೆ. ಚಿಕ್ಕಮ್ಮ ಒಂದೊಂದು ಹೆಸರಿಗೆ ಒಂದೊಂದು ಏಟು ಹಾಕುತ್ತಾರೆ. ಫೋಕಾ ಎಂದರೆ ಏಟು ಬೇಗ ಬೀಳುತ್ತದೆ. ತಿಮೊಫೇಯ್ ಸ್ಪಿರಿದೊನೊವಿಚ್ ಎಂದರೆ ತಡವಾಗಿ ಬೀಳುತ್ತದೆ. ನಡುವೆ "ಅಂಚೆಮನೆಯ ನಿಕಾಂದ್ರ್, ದೇವ್ರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ, ಸಾಲ್ದಕ್ಕೆ ಹುಬ್ಬೂ ಇರ್ಲಿಲ್ಲ" ಎಂದು ಸೇರಿದರೆ ಮುಂದಿನ ಏಟಿಗೆ ಕಾಯುವವರ ಉಸಿರೇ ನಿಂತಿರುತ್ತದೆ.

ಈ ಏರುಪೇರೇ ನಮ್ಮ ದಾರಿದೀಪ. ಮಂಜಿನಲ್ಲಿ ನೂರು ಸದ್ದು. ಹಿಮಗಡ್ಡೆ ಸೀಳುತ್ತದೆ, ಕಪ್ಪು ಬಂಡೆಗಳ ಮೇಲೆ ಲಕ್ಷಗಟ್ಟಲೆ ಹಕ್ಕಿ ಅರಚುತ್ತವೆ, ಅಲೆ ಕಲ್ಲಿಗೆ ಬಡಿದು ಒಂದೇ ತಾಳದಲ್ಲಿ ಮೊರೆಯುತ್ತದೆ. ಅವುಗಳ ನಡುವೆ ಒಂದು ಧಂ ಅವಸರದಲ್ಲಿ ಬಂದು ಮುಂದಿನದು ಕಾಯಿಸಿ ಕಾಯಿಸಿ ಬಂದರೆ, ಅದು ಸಮುದ್ರವೂ ಅಲ್ಲ, ಹಿಮವೂ ಅಲ್ಲ, ಅಲ್ಲೊಬ್ಬ ಮನುಷ್ಯ ಪ್ರಾಣಿ ನಿಂತಿದೆ ಎಂದು ಗೊತ್ತಾಗುತ್ತದೆ. ದೋಣಿಯವರು ಆ ಕಡೆ ಮೂತಿ ತಿರುಗಿಸುತ್ತಾರೆ.

ಇವತ್ತೂ ಹಾಗೆಯೇ ಆಗುತ್ತದೆ. ತಾಸು ಹೊತ್ತಿಗೆ ಮಂಜಿನೊಳಗಿಂದ ಎಂಜಿನ್ನಿನ ಕೆಮ್ಮು ಕೇಳಿ, ದೋಣಿ ನಡೆಸುವ ಪ್ರೋಖೋರ್ ಮತ್ತು ಭೂಗೋಳದ ರಿಮ್ಮಾ ಒದ್ದೆಯಾಗಿ ಇಳಿಯುತ್ತಾರೆ. ರಿಮ್ಮಾ ನೇರ ಬಂದು ಚಿಕ್ಕಮ್ಮನನ್ನು ತಬ್ಬಿಕೊಳ್ಳುತ್ತಾಳೆ. "ಎಷ್ಟು ಚೆನ್ನಾಗಿ ಕೇಳಿಸ್ತು ಚಿಕ್ಕಮ್ಮ! ನಿಮ್ಮ ಸದ್ದು ಹಿಡ್ಕೊಂಡೇ ಬಂದ್ವಿ."

"ಹೂಂ ಹೂಂ," ಎನ್ನುತ್ತಾರೆ ಚಿಕ್ಕಮ್ಮ, ಸಲಾಕೆ ಒರಗಿಸುತ್ತಾ. "ಎಲ್ರೂ ಹಂಗೇ ಹೇಳ್ತಾರೆ. ಮೊದ್ಲು ಬೂಟ್ ಬಿಚ್ಚು, ನೆಲ ಒರೆಸಿದೀನಿ."

ನಂಬುವುದಿಲ್ಲ. ಹತ್ತೊಂಬತ್ತು ಬೇಸಿಗೆಗಳಿಂದ ಈ ಕೊಲ್ಲಿಯಲ್ಲಿ ಡ್ರಮ್ಮು ಬಡಿಯುತ್ತಿರುವ ಈ ಹೆಂಗಸು, ಅದು ಸಮುದ್ರದಲ್ಲಿ ಯಾರಿಗಾದರೂ ಕೇಳಿಸುತ್ತದೆ ಎಂಬುದನ್ನು ಇವತ್ತಿಗೂ ಮನಸಾರೆ ನಂಬಿಲ್ಲ. ಮರ್ಯಾದೆಗೆ ಹೇಳುತ್ತಾರೆ ಎಂದುಕೊಂಡಿದ್ದಾರೆ. ತಾವೇ ಒಮ್ಮೆ ಸಮುದ್ರದಿಂದ ಅದನ್ನು ಕೇಳಬೇಕು ಎಂಬುದೊಂದೇ ಅವರ ಆಸೆ. ಅದೂ ಈ ವಾರವೇ ಆಗಬೇಕು. ಮುಂದಿನ ಬೇಸಿಗೆಗೆ ಇಲ್ಲಿ ಡೀಸೆಲ್ ಹೀಟರ್ ಬರುತ್ತದೆ, ಗೋಡೆಗೆ ಸೈರನ್ ಬರುತ್ತದೆ, ಒಲೆಯವಳ ಕೆಲಸ ಇರುವುದಿಲ್ಲ. ವಾರದ ಕೊನೆಗೆ ಹಡಗು ಬಂದು ಅವರನ್ನು ಕರೆದೊಯ್ಯುತ್ತದೆ. ಆಮೇಲೆ ಒನೇಗಾದಲ್ಲಿ ತಂಗಿಯ ಮನೆ, ಬೆಕ್ಕು, ಟಿವಿ.

ಹತ್ತೊಂಬತ್ತು ಬೇಸಿಗೆ ಇದ್ದವರಿಗೆ ಒಮ್ಮೆಯೂ ದೋಣಿ ಹತ್ತಲು ಆಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಯಾವಾಗ ಹತ್ಲಿ?" ಎಂದು ನನಗೇ ತಿರುಗಿಸಿದರು. "ಬಿಸಿಲಿದ್ರೆ ಬ್ರೆಡ್ ಬೇಯಿಸ್ಬೇಕು, ನೀರು ಹೊರ್ಬೇಕು, ನಿಮ್ ಗಬ್ಬುನಾತದ ಕಾಲುಚೀಲ ಒಣಗಿಸ್ಬೇಕು. ಮಂಜಿದ್ರೆ ಬಡೀಬೇಕು. ನೀವೆಲ್ಲಾ ದ್ವೀಪ ಕಂಡುಹಿಡಿಯೋಕೆ ಬಂದೋರು. ನಾನು ಸೌದೆ ಕಂಡುಹಿಡಿಯೋಕೆ ಬಂದೋಳು." ಹಡಗಿನಿಂದ ಇಳಿದರೆ ನೇರ ಒಲೆಯ ಹತ್ತಿರ, ಒಲೆಯಿಂದ ನೇರ ಹಡಗಿಗೆ. ಇನ್ನೂರರ ಹತ್ತಿರ ದ್ವೀಪಗಳಿರುವ ಈ ನಾಡಿನಲ್ಲಿ ಅವರು ಕಂಡದ್ದು ಒಂದು ಕೊಲ್ಲಿ.

ನಂಬದೇ ಇರುವುದಕ್ಕೆ ಕಾರಣವೂ ಇದೆ. ಅದು ಅವರ ಅಪ್ಪ ಯೆಗೋರ್. ಚಿಕ್ಕಂದಿನಲ್ಲಿ ಮಂಜು ಬಿದ್ದಾಗಲೆಲ್ಲ ಅಮ್ಮ ದಂಡೆಗೆ ಹೋಗಿ ಬಾಣಲೆ ಬಡಿಯುತ್ತಿದ್ದಳು. ಅಪ್ಪ ಬಂದವನೇ "ಕೇಳಿಸ್ತು ಕಣೇ, ಅದಕ್ಕೇ ಬಂದೆ" ಎನ್ನುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಅವನೇ ಬಾಯಿಬಿಟ್ಟ. ಮಂಜಾದರೆ ಪಕ್ಕದ ಕೊಲ್ಲಿಯಲ್ಲಿ ಲಂಗರು ಹಾಕಿ, ಗೆಳೆಯರ ಜೊತೆ ಚಹಾ ಕುಡಿದು, ಮಂಜು ಹರಿದ ಮೇಲೆ ಬರುತ್ತಿದ್ದನಂತೆ. ಬಾಣಲೆ ಒಂದು ದಿನವೂ ಕೇಳಿಸಿರಲಿಲ್ಲವಂತೆ.

"ಪ್ರೀತಿಗೇ ಸುಳ್ಳು ಹೇಳಿದ್ದ, ಅದು ಬೇರೆ ಮಾತು," ಎನ್ನುತ್ತಾರೆ ಚಿಕ್ಕಮ್ಮ, ಒಲೆಯೊಳಗೆ ಕಣ್ಣಿಟ್ಟು. "ಆದ್ರೆ ಅಮ್ಮ ಬಡಿದಿದ್ದೆಲ್ಲ ಎಲ್ಲೋಯ್ತು? ಆವತ್ತಿಂದ ಯಾರಾದ್ರೂ ಕೇಳಿಸ್ತು ಅಂದ್ರೆ ನಂಗೆ ಅಪ್ಪನ ಮುಖಾನೇ ಕಾಣುತ್ತೆ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಮಾತಿದೆ. ನಮ್ಮ ಕಷ್ಟ ಅದರ ತಿರುಗುಮುರುಗು. ಹಂಗನ್ನು ಹೊತ್ತುಕೊಂಡು ನಾವು ಬಾಗಿಲಲ್ಲಿ ನಿಂತಿದ್ದೇವೆ, ಅಂಬಿಗಿತ್ತಿಯೇ ಒಪ್ಪಿಕೊಳ್ಳುವುದಿಲ್ಲ. ನಾನು ಇವತ್ತು ಉಸಿರಾಡಿಕೊಂಡು, ಅರ್ಖಾಂಗೆಲ್ಸ್ಕ್‌ನ ಪತ್ರಿಕೆಗೆ ಪ್ರತಿ ಶನಿವಾರ ಬರೆದುಕೊಂಡು ಇರುವುದು ಈ ಹೆಂಗಸಿನಿಂದ. ಸುತ್ತಿ ಬಳಸಿ ಹೇಳುವ ವಿಷಯ ಇದಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ನಕ್ಷೆಯನ್ನು ಹೊಸದಾಗಿ ಅಳೆಯುವ ಕೆಲಸ ನಡೆದಿತ್ತು. ಅದರ ಬಗ್ಗೆ ಬರೆಯಲು ಬಂದ ನಾನು ರಿಮ್ಮಾ, ಪ್ರೋಖೋರ್ ಜೊತೆ ಉದ್ದಮೂಗಿನ ಆಚೆಯ ಗುಡಿಸಲಲ್ಲಿದ್ದೆ. ನಮ್ಮ ಕಡೆ ಸಮುದ್ರಕ್ಕೆ ಚಾಚಿದ ನೆಲಕ್ಕೆ ಮೂಗು ಎನ್ನುವುದು ರೂಢಿ. ಉದ್ದಮೂಗು ಎಂದರೆ ಕೇಂದ್ರವಿರುವ ದ್ವೀಪದಿಂದ ಚಾಚಿದ ಒಂದು ಭೂಶಿರ. ಹಳೆಯ ನಕ್ಷೆಗಳೆಲ್ಲ ಹಾಗೆಯೇ ಹೇಳುತ್ತಿದ್ದವು. ಕೆಲಸ ಮುಗಿದ ದಿನ ರಿಮ್ಮಾ ರೇಡಿಯೋದಲ್ಲಿ "ಮನೆಗೆ ಹೊರಟ್ವಿ" ಎಂದಳು. ಅಷ್ಟಕ್ಕೇ ರೇಡಿಯೋ ಸತ್ತಿತು.

ಈ ಮಾತು ಕೇಳಿ ಕೇಂದ್ರದ ರೇಡಿಯೋ ಆಪರೇಟರ್ ಗೆರ್ಮನ್ ಮಾಡಿದ ತಪ್ಪು ನಮ್ಮ ಜನ ಮಾತ್ರ ಮಾಡುವಂಥದ್ದು. ಧ್ರುವದಲ್ಲಿ ಒಲೆ ಇರುವ ಗೂಡೆಲ್ಲ ಮನೆಯೇ. ಬೆಳಿಗ್ಗೆ ಹಾಕಿದ ಡೇರೆಯನ್ನೂ ಸಂಜೆಗೆ ಮನೆ ಎನ್ನುತ್ತೇವೆ. ಅಳತೆಗೆ ಹೋದವರು ಗುಡಿಸಲಿಗೆ ವಾಪಸಾಗುತ್ತಿದ್ದಾರೆ ಎಂದುಕೊಂಡ ಗೆರ್ಮನ್, ಸರಿ, ಕ್ಷೇಮ ಎಂದು ಕಿವಿಯಿಂದ ಹೆಡ್‌ಫೋನ್ ತೆಗೆದ. ಅಷ್ಟರಲ್ಲಿ ಮಂಜು ಇಳಿಯಿತು. ಇಳಿದರೇನು, ಎಲ್ಲರೂ ಮನೆಯಲ್ಲಿದ್ದಾರಲ್ಲ.

ಚಹಾ ತಂದ ಕಾಪಾ ಚಿಕ್ಕಮ್ಮ ಕೇಳಿದರು, "ಏನಂದ್ರು ಹುಡುಗರು?"

"ಮನೆಗ್ ಹೊರಟ್ರಂತೆ. ಗುಡಿಸ್ಲಿಗೆ."

"ಗುಡಿಸ್ಲು ಅಂದ್ರಾ, ಮನೆ ಅಂದ್ರಾ?"

"ಮನೆ ಅಂದ್ರು. ಎರಡೂ ಒಂದೇ ಅಲ್ವಾ ಚಿಕ್ಕಮ್ಮ."

"ಇವತ್ತು ಶನಿವಾರ ಕಣೋ ಪೆದ್ದಾ! ಶನಿವಾರ ಮನೆ ಅಂದ್ರೆ ಬಾನ್ಯಾ ಇರೋ ಮನೆ. ಗುಡಿಸ್ಲಲ್ಲಿ ಬಾನ್ಯಾ ಎಲ್ಲಿದೆ? ಅವು ಇಲ್ಲಿಗೇ ಬರ್ತಾ ಇವೆ."

ಶನಿವಾರ ಬಾನ್ಯಾದ ಆವಿಸ್ನಾನ ತಪ್ಪಿಸುವ ಉತ್ತರದವನು ಇನ್ನೂ ಹುಟ್ಟಿಲ್ಲ. ಚಹಾದ ತಟ್ಟೆಯನ್ನು ಅಲ್ಲೇ ಕುಕ್ಕಿ ಅವರು ಡ್ರಮ್ಮಿನ ಹತ್ತಿರ ಹೋದರು. ಗೆರ್ಮನ್ ಕೋವಿ ಹಿಡಿದು ಹಿಂದೆಯೇ ಓಡಿದ, ಡ್ರಮ್ಮಿನ ಸದ್ದಿಗೆ ಕರಡಿಯೂ ಬರಬಹುದು ಎಂದು. ಅವರ ಬೆನ್ನಿಗೆ ಬೆನ್ನು ಕೊಟ್ಟು ನಿಂತ. ತಪ್ಪು ಮಾಡಿದವನ ಮುಖ ಹೊತ್ತು ಆವತ್ತು ಅಷ್ಟು ಹೊತ್ತು ನಿಂತದ್ದಕ್ಕೆ ಅವನಿಗೂ ನಾನು ಋಣಿ.

ನಾವು ಅದಾಗಲೇ ಸಮುದ್ರದಲ್ಲಿದ್ದೆವು. ದಾರಿ ತೋರಿಸುವ ಉಪಕರಣ ಉಪ್ಪುನೀರು ಕುಡಿದು ಕಣ್ಣು ಮುಚ್ಚಿತ್ತು. ದಿಕ್ಸೂಚಿ ಈ ಕಪ್ಪು ಬಂಡೆಗಳ ಹತ್ತಿರ ಕುಡಿದವನ ಹಾಗೆ ಓಲಾಡುತ್ತದೆ. ಆದರೂ ನಮಗೆ ಭಯವಿರಲಿಲ್ಲ. ನಕ್ಷೆಯ ಪ್ರಕಾರ ಉದ್ದಮೂಗು ದೊಡ್ಡ ದ್ವೀಪಕ್ಕೆ ಅಂಟಿಕೊಂಡಿದೆ; ದಂಡೆಯನ್ನು ಎಡಗೈಗೆ ಇಟ್ಟುಕೊಂಡು ತೆವಳಿದರೆ ಮೂಗಿನ ತುದಿ ಸುತ್ತಿ ನೇರ ಕಿವುಡ ಕೊಲ್ಲಿಗೇ ಬರಬೇಕು. ಹಾಗೆಯೇ ತೆವಳಿದೆವು. ಬಹಳ ಹೊತ್ತಾದ ಮೇಲೆ ಮಂಜಿನಲ್ಲಿ ಒಂದು ಬಂಡೆ ಕಂಡಿತು, ಮೇಲೆ ಒಂದೇ ದಂತದ ಮುದಿ ವಾಲ್ರಸ್ ಮಲಗಿತ್ತು. ದಾಟಿ ಹೋದೆವು. ಮತ್ತೆ ಬಹಳ ಹೊತ್ತು ಹೋಯಿತು. ಮತ್ತೆ ಒಂದು ಬಂಡೆ, ಮೇಲೆ ಒಂದೇ ದಂತದ ಮುದಿ ವಾಲ್ರಸ್.

"ಇದರ ಅಣ್ಣ ಇರ್ಬೇಕು," ಎಂದ ಪ್ರೋಖೋರ್. ಸ್ವಲ್ಪ ಹೊತ್ತಿಗೆ ರಿಮ್ಮಾ ಬಹಳ ಸಣ್ಣ ದನಿಯಲ್ಲಿ ಹೇಳಿದಳು, "ಇದು ಮೂಗಲ್ಲ. ನಾವು ಸುತ್ತುತ್ತಾ ಇದೀವಿ. ಇದು ದ್ವೀಪ."

ಮೂಗು ಮುಖದಿಂದ ಕಳಚಿಕೊಂಡಿತ್ತು. ಎರಡನ್ನೂ ಬೆಸೆದಿದ್ದ ಹಿಮನದಿ ಕರಗಿ ಹಿಂದೆ ಸರಿದು, ನಡುವೆ ಯಾವ ನಕ್ಷೆಯಲ್ಲೂ ಇಲ್ಲದ ಜಲಸಂಧಿ ತೆರೆದಿತ್ತು. ಗಾಣದ ಎತ್ತಿನ ಹಾಗೆ ನಾವು ಅದರೊಳಗೆ ಹೊಕ್ಕು ಸುತ್ತು ಬರುತ್ತಿದ್ದೆವು. ಹೊಸ ದ್ವೀಪವೊಂದನ್ನು ಕಂಡುಹಿಡಿದ ಮೂವರು, ಎಂಜಿನ್ನಿಗೆ ಇನ್ನೊಂದು ಸುತ್ತಿಗೆ ಸಾಲುವಷ್ಟೂ ಎಣ್ಣೆಯಿಲ್ಲದೆ, ಬೂಟಿನಲ್ಲಿ ನೀರು ತುಂಬಿಕೊಂಡು ಕೂತಿದ್ದೆವು. ದಂಡೆ ಬಿಟ್ಟು ನೇರ ಹೋಗಬೇಕು, ಆದರೆ ಎತ್ತ? ತಪ್ಪು ಕಡೆ ಹೋದರೆ ಮುಂದೆ ಧ್ರುವದವರೆಗೆ ನೆಲವಿಲ್ಲ.

ಈ ದ್ವೀಪಗಳು ಮೊದಲಿಗೆ ಸಿಕ್ಕದ್ದೂ ಹೀಗೆಯೇ. ಹಿಮದಲ್ಲಿ ಸಿಕ್ಕಿ ಚುಕ್ಕಾಣಿ ಸೋತ ಹಡಗೊಂದು ತೇಲಿ ತೇಲಿ ಬಂದಾಗ ಎದುರಿಗೆ ನೆಲ ಕಂಡಿತು. ಎಂದೂ ಕಾಲಿಡದ ಚಕ್ರವರ್ತಿಯ ಹೆಸರಿಟ್ಟರು. ಆಮೇಲೆ ಬಂದವರೂ ಸಾಹುಕಾರರ, ದೊರೆಗಳ ಹೆಸರಿಟ್ಟರು. ಮಂಜಿನಲ್ಲಿ ಕಂಡಂತಾದ, ನಿಜಕ್ಕೂ ಇಲ್ಲದ ನೆಲಗಳಿಗೂ ಹೆಸರಿಟ್ಟು ನಕ್ಷೆಗೆ ಏರಿಸಿದರು. ಅವರಿಗೆ ಗಂಜಿ ಬೇಯಿಸಿದವರ ಹೆಸರು ಯಾವ ಕಲ್ಲಿಗೂ ಬಿದ್ದಂತಿಲ್ಲ.

ಪ್ರೋಖೋರ್ ಎಂಜಿನ್ ನಿಲ್ಲಿಸಿದ. ನೀರು ದೋಣಿಯ ಹೊಟ್ಟೆಗೆ ತಟ್ಟುವ ಸದ್ದು, ಹಕ್ಕಿಗಳ ಗದ್ದಲ, ಹಿಮದ ಲಟಲಟ. ಅವುಗಳ ಅಡಿಯಲ್ಲಿ, ಇದೆಯೋ ಇಲ್ಲವೋ ಎನ್ನುವಂತೆ, ಒಂದು ಧಂ. ಕಾದೆವು. ಧಂ ಧಂ. ಮತ್ತೆ ಎಷ್ಟು ಹೊತ್ತಾದರೂ ಇಲ್ಲ. ಸದ್ದು ನಿಂತೇ ಹೋಯಿತು ಎಂದುಕೊಂಡೆ ನಾನು. ಪ್ರೋಖೋರನ ಮುಖ ಮಾತ್ರ ಅರಳಿತು. "ನಿಕಾಂದ್ರ್!" ಎಂದ. "ಹುಬ್ಬಿಲ್ಲದ ನಿಕಾಂದ್ರ್ ಹತ್ರ ಬಂದಿದಾರೆ ಚಿಕ್ಕಮ್ಮ!" ಅದರ ಬೆನ್ನಿಗೇ ಧಂ ಎಂದಿತು. ಅಂಚೆಮನೆಯ ಆ ಪುಣ್ಯಾತ್ಮನನ್ನು ನಾನು ಕಂಡಿಲ್ಲ. ಅವನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಮಾತ್ರ ಆವತ್ತಿನಿಂದ ತಪ್ಪದೆ ಬೇಡುತ್ತೇನೆ.

ದಂಡೆಗೆ ಬಂದಾಗ ಚಿಕ್ಕಮ್ಮನಿಗೆ ಸಲಾಕೆಯಿಂದ ಬೆರಳು ಬಿಡಿಸಲು ಆಗುತ್ತಿರಲಿಲ್ಲ. ಗೆರ್ಮನ್ ಒಂದೊಂದೇ ಬೆರಳು ಬಿಡಿಸಿದ. ಊರಿನ ಬೋಳರು ಎಷ್ಟು ಸಲ ಮುಗಿದಿದ್ದರೋ, ಪಕ್ಕದೂರಿನವರೂ ಮುಗಿದು, ಕೇಂದ್ರದಲ್ಲಿ ಹಣೆ ದೊಡ್ಡದಾಗುತ್ತಿರುವವರನ್ನೂ ಸೇರಿಸಿಕೊಂಡಿದ್ದರಂತೆ. ನಮ್ಮನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು. "ಬಾನ್ಯಾ ಆರ್ತಾ ಇದೆ, ಬೇಗ ಹೋಗಿ." ಬಲಭುಜದ ನೋವು ಆವತ್ತು ಶುರುವಾದದ್ದು, ಇನ್ನೂ ಬಿಟ್ಟಿಲ್ಲ.

ಹೊಸ ದ್ವೀಪಕ್ಕೆ ಅವರ ಹೆಸರೇ ಇಡಬೇಕೆಂದು ರಿಮ್ಮಾ ಬರೆದು ಕಳಿಸಿದಳು. ಬದುಕಿರುವವರ ಹೆಸರನ್ನು ಭೂಮಿಗೆ ಇಡುವಂತಿಲ್ಲ, ಅದು ನಿಯಮ ಎಂದು ಉತ್ತರ ಬಂತು. ಇದನ್ನು ಹೇಳಿದಾಗ ಚಿಕ್ಕಮ್ಮ ಸೂಪಿಗೆ ಮೀನು ಹಾಕುತ್ತಿದ್ದರು. "ಹಂಗಾದ್ರೆ ಸಾಯ್ಬೇಕಾ? ತಡೀರಪ್ಪ, ಇದೊಂದು ಕುದಿ ಬರ್ಲಿ," ಎಂದರು. ಸರ್ಕಾರಿ ನಕ್ಷೆಯಲ್ಲಿ ಅದಕ್ಕಿನ್ನೂ ಹೆಸರಿಲ್ಲ. ನಮ್ಮನಮ್ಮಲ್ಲಿ ಅದು ಬೋಳರ ದ್ವೀಪ.

ಇಷ್ಟೆಲ್ಲ ಆದ ಮೇಲೂ ಅವರು ಕೇಳುವುದು ಅದನ್ನೇ. "ನಿಜ ಹೇಳು ವೆನ್ಯಾ. ಡ್ರಮ್ಮು ಕೇಳಿ ಬಂದ್ರೋ, ಅದೃಷ್ಟಕ್ಕೆ ಬಂದ್ರೋ?" ನಿಕಾಂದ್ರನ ಕಥೆಯನ್ನು ಪ್ರೋಖೋರ್ ನೂರು ಸಲ ಹೇಳಿದ್ದಾನೆ. "ಅವನಿಗೆ ಕಥೆ ಕಟ್ಟೋದು ಚೆನ್ನಾಗ್ ಬರುತ್ತೆ" ಎಂದು ತಳ್ಳಿಹಾಕುತ್ತಾರೆ.

ಈಗ ಅವರ ಕೊನೆಯ ವಾರ. ಗಾಳಿ ಪಡುವಣದಿಂದ ಹಟ ಹಿಡಿದು ಬೀಸುತ್ತಿದೆ. ಹಿಮಗಡ್ಡೆಗಳು ಬಂದು ಕೊಲ್ಲಿಯ ಬಾಯಿಗೆ ಬಿರಡೆ ಹಾಕಿವೆ. ದೋಣಿ ಇಳಿಸುವ ಮಾತೇ ಇಲ್ಲ. ಹಡಗು ಹಿಮದ ಆಚೆ ನಿಂತು ಹೆಲಿಕಾಪ್ಟರ್ ಕಳಿಸಿದರೆ ಅವರ ಆಸೆ ಅಲ್ಲಿಗೆ ಮುಗಿಯಿತು. ಚಿಕ್ಕಮ್ಮ ದಿನಕ್ಕೆ ನಾಲ್ಕು ಸಲ ದಂಡೆಗೆ ಹೋಗಿ ಹಿಮ ನೋಡಿ ಬರುತ್ತಾರೆ, ಬಂದವರು ಪಾತ್ರೆಗಳನ್ನು ಜೋರಾಗಿ ತೊಳೆಯುತ್ತಾರೆ.

"ನೀವೇ ಬೋಳರನ್ನ ಎಣಿಸಿ ಚಿಕ್ಕಮ್ಮ, ಗಾಳಿ ತಿರುಗುತ್ತೆ," ಎಂದು ಗೆರ್ಮನ್ ತಿಂಡಿಯ ಹೊತ್ತಿಗೆ ಕೆಣಕುತ್ತಾನೆ.

"ಸ್ವಂತಕ್ಕೆ ಎಣಿಸ್ಬಾರ್ದು. ನೀರಿನ ಮೇಲಿರೋರಿಗ್ ಮಾತ್ರ ಎಣಿಸ್ಬೇಕು. ಸ್ವಂತಕ್ಕೆ ಎಣಿಸಿದ್ರೆ ಗಾಳಿ ನಗುತ್ತೆ."

ರಿಮ್ಮಾ ಚಮಚ ಕೆಳಗಿಟ್ಟು, ದೇಶದ ನಕ್ಷೆಗಳನ್ನು ತಿದ್ದುವ ರಿಮ್ಮಾ, "ನಮ್ಮ ಪ್ರೊಫೆಸರ್ ಲೆವ್ ಅದಾಮೊವಿಚ್" ಎನ್ನುತ್ತಾಳೆ. ಮೇಜಿಗೆ ಒಂದು ಗುದ್ದು. ಪ್ರೋಖೋರ್ ತನ್ನ ಮಾವನ ಹೆಸರು ಹೇಳಿ ಗುದ್ದುತ್ತಾನೆ. ಗೆರ್ಮನ್ ತನ್ನ ಶಾಲೆಯ ಡ್ರಿಲ್ ಮೇಷ್ಟ್ರನ್ನು ತರುತ್ತಾನೆ. ನನ್ನ ಸರದಿ ಬಂದಾಗ ನಾನು ಯೋಚಿಸುತ್ತಿರುವಂತೆಯೇ ಮೂವರೂ ನನ್ನ ನೆತ್ತಿ ನೋಡಿ, ಪೂರ್ತಿ ಹೆಸರು ಹಿಡಿದು "ವೆನಿಯಾಮಿನ್!" ಎಂದು ಕೂಗಿ ಗುದ್ದುತ್ತಾರೆ. ಚಿಕ್ಕಮ್ಮ ಬೆನ್ನು ತಿರುಗಿಸಿ ಒಲೆ ಕೆದಕುತ್ತಿದ್ದಾರೆ. ಬಹಳ ಹೊತ್ತು ಕೆದಕುತ್ತಾರೆ, ಅಷ್ಟು ಕೆದಕುವ ಬೂದಿ ಅಲ್ಲಿಲ್ಲ.

ಬೋಳರ ಮಹಿಮೆಯೋ, ಹವಾಮಾನವೋ ನನಗೆ ಗೊತ್ತಿಲ್ಲ. ಹಡಗು ಬರುವ ಹಿಂದಿನ ದಿನ ಗಾಳಿ ಮೂಡಣಕ್ಕೆ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಿಮ ಸರಿದು ಕಪ್ಪು ನೀರು ಕಾಣುತ್ತದೆ. ಪ್ರೋಖೋರ್ ಏನೂ ಕೇಳದೆ ಚಿಕ್ಕಮ್ಮನ ಏಪ್ರನ್ನಿನ ಗಂಟು ಬಿಚ್ಚುತ್ತಾನೆ. "ಬ್ರೆಡ್ ಒಲೇಲಿದೆ ಕಣೋ!" "ರಿಮ್ಮಾ ತೆಗೀತಾಳೆ." "ಅವಳು ಸೀಸ್ತಾಳೆ!" "ಸೀದದ್ದೇ ತಿಂತೀವಿ, ನಡೀರಿ."

ಡ್ರಮ್ಮು ಬಡಿಯುವ ಕೆಲಸ ನನಗೆ ಬೀಳುತ್ತದೆ. ದೋಣಿ ಹತ್ತುವ ಮುನ್ನ ಚಿಕ್ಕಮ್ಮ ವಾಪಸ್ ಬಂದು ನನ್ನ ಮುಂದೆ ನಿಲ್ಲುತ್ತಾರೆ. "ನಾನ್ ಬಡಿಯೋಷ್ಟೇ ಬಡಿ. ಜೋರಾಗ್ ಬಡ್ದು ನಂಗೆ ಮೋಸ ಮಾಡ್ಬೇಡ." ಆ ಕಣ್ಣಿನಲ್ಲಿ ತಮಾಷೆ ಇಲ್ಲ. ಸಲಾಕೆ ನನ್ನ ಕೈಗೆ ಕೊಡುವಾಗ ಎರಡು ಸಲ ಹಿಂದಕ್ಕೆ ಎಳೆದುಕೊಂಡು, ಮೂರನೇ ಸಲ ಬಿಡುತ್ತಾರೆ.

ದೋಣಿ ಚಿಕ್ಕದಾಗುತ್ತಾ ಕೊಲ್ಲಿಯ ಬಾಯಿ ದಾಟುತ್ತದೆ. ನಾನು ಬಡಿಯುತ್ತೇನೆ. ಫೋಕಾ, ಧಂ. ತಿಮೊಫೇಯ್ ಸ್ಪಿರಿದೊನೊವಿಚ್, ಧಂ. ಹೆಸರುಗಳೆಲ್ಲ ನಮಗೂ ಬಾಯಿಪಾಠ. ನಿಕಾಂದ್ರ್ ಬಂದಾಗ ಅವನ ಹುಬ್ಬನ್ನೂ ಬಿಡದೆ ಹೇಳುತ್ತೇನೆ. ಕೈ ಬೇಗ ಸೋಲುತ್ತದೆ. ನೂರು ಹೆಸರು ದಾಟುವಷ್ಟರಲ್ಲಿ ಭುಜ ಉರಿಯುತ್ತದೆ, ಆವತ್ತು ಅವರು ಅಷ್ಟು ಹೊತ್ತು ಹೇಗೆ ಬಡಿದರು ಎಂಬುದು ನನಗೆ ಮೊದಲ ಸಲ ಮೈಗೆ ತಿಳಿಯುತ್ತದೆ.

ಅಲ್ಲಿ ನಡೆದದ್ದನ್ನು ಪ್ರೋಖೋರ್ ಆಮೇಲೆ ಹೇಳಿದ. ಬೋಳರ ದ್ವೀಪದ ಹತ್ತಿರ ಎಂಜಿನ್ ನಿಲ್ಲಿಸಿದನಂತೆ. ಚಿಕ್ಕಮ್ಮ ದ್ವೀಪವನ್ನು ಕಣ್ಣೆತ್ತಿಯೂ ನೋಡಲಿಲ್ಲವಂತೆ. ಕಿವಿಯಿಂದ ಶಾಲು ಸರಿಸಿ, ಏನೋ ಹೇಳಲು ಹೋದ ಅವನ ಬಾಯಿಗೆ ಕೈ ಅಡ್ಡ ಇಟ್ಟು, ಕಣ್ಣು ಮುಚ್ಚಿ ಕೂತರಂತೆ. ಅಷ್ಟು ಚಳಿಯಲ್ಲಿ ಅಷ್ಟು ಹೊತ್ತು ಅವರು ಅಲುಗಾಡದೆ ಕೂತದ್ದನ್ನು ಅವನು ಎಂದೂ ಕಂಡಿರಲಿಲ್ಲವಂತೆ.

ದೋಣಿ ದಂಡೆಗೆ ತಾಗುತ್ತದೆ. ರಿಮ್ಮಾ ಸೀದ ಬ್ರೆಡ್ಡಿನ ವಾಸನೆ ಹೊತ್ತು ಓಡಿ ಬರುತ್ತಾಳೆ, ಗೆರ್ಮನ್ ಕೋವಿ ಬಿಟ್ಟು ಕೈ ಚಾಚುತ್ತಾನೆ. ಚಿಕ್ಕಮ್ಮ ಯಾರ ಕೈಯನ್ನೂ ಹಿಡಿಯದೆ ಇಳಿದು, ಕಲ್ಲುಗಳ ಮೇಲೆ ನಿಧಾನವಾಗಿ ನಡೆದು ನಮ್ಮ ಹತ್ತಿರ ಬರುತ್ತಾರೆ. ಕೆನ್ನೆ ಒದ್ದೆಯಾಗಿದೆ. ಸಮುದ್ರದ ನೀರಿರಬಹುದು.

"ಕೇಳಿಸ್ತಾ ಚಿಕ್ಕಮ್ಮ?" ಎಂದು ನಾನು ಕೇಳುತ್ತೇನೆ.

ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾರೆ, ಮೊದಲ ಸಲ ನೋಡುತ್ತಿರುವವರ ಹಾಗೆ.

"ಅಷ್ಟು ಸಣ್ಣ ಸದ್ದಾ ಅದು?" ಎನ್ನುತ್ತಾರೆ. "ಅಷ್ಟು ಸಣ್ಣ ಸದ್ದು ನಂಬ್ಕೊಂಡು ಬಂದ್ರಲ್ಲಪ್ಪಾ ನೀವು!"